ಕಣ್ಣು ಕರೆದತ್ತ ಕತ್ತು

‘ನೆಟ್ಟಗೆ ಕುಂತ್ಕಳೋ, ಯಾಕೆ ಹಂಗೆ ಗೂನು ಮಾಡ್ಕಂಡಿದೀಯ?’

ಓದಲು ಕೂತ ಮಕ್ಕಳಿಗೆ ಈ ಮಾತು ಹೇಳದ ಮನೆ ನಮ್ಮ ತಳಕು ಸೀಮೆಯಲ್ಲಿ ಸಿಗಲಿಕ್ಕಿಲ್ಲ. ಹೇಳಿದ ಕೂಡಲೇ ನಾವು ಎದೆ ಸೆಟೆಸಿ ಕೂರುತ್ತೇವೆ. ಅದೂ ಎರಡು ನಿಮಿಷ. ಮೂರನೇ ನಿಮಿಷಕ್ಕೆ ಕತ್ತು ಮತ್ತೆ ಪುಸ್ತಕದ ಮೇಲೆ ಇಳಿದಿರುತ್ತದೆ, ಬೆನ್ನು ಬಿಲ್ಲಾಗಿರುತ್ತದೆ. ಹೇಳಿದವರು ಇದನ್ನು ಸೋಮಾರಿತನ ಎಂದುಕೊಳ್ಳುತ್ತಾರೆ. ನಾವೂ ಹಾಗೆಯೇ ಅಂದುಕೊಂಡು ಸುಮ್ಮನಾಗುತ್ತೇವೆ.

ಸೋಮಾರಿತನಕ್ಕಿಂತ ಬೇರೆ ಕಾರಣವೊಂದು ಇಲ್ಲಿದೆ. ಓದುವಾಗ ನಾವು ಹೇಗೆ ಕೂರುತ್ತೇವೆ ಎಂಬುದನ್ನು ಬಹುಮಟ್ಟಿಗೆ ತೀರ್ಮಾನಿಸುವುದು ಬೆನ್ನಲ್ಲ, ಕಣ್ಣು. ಕಣ್ಣಿಗೆ ಬೇಕಾದ ಅಕ್ಷರ ಎಲ್ಲಿದೆಯೋ ಅಲ್ಲಿಗೆ ತಲೆ ಹೋಗುತ್ತದೆ. ತಲೆಯ ಹಿಂದೆ ಕತ್ತು, ಕತ್ತಿನ ಹಿಂದೆ ಬೆನ್ನು. ಪುಸ್ತಕ ತೊಡೆಯ ಮೇಲಿರುವಾಗ ಬೆನ್ನಿಗೆ ಎಷ್ಟು ಬುದ್ಧಿ ಹೇಳಿದರೂ ಅದು ಕೇಳುವುದಿಲ್ಲ.

ಪಿಡಿಒ, ಪಿಎಸ್‌ಐ, ಶಿಕ್ಷಕರ ನೇಮಕಾತಿ, ಬ್ಯಾಂಕ್ ಪರೀಕ್ಷೆ ಎಂದು ದಿನಕ್ಕೆ ಎಂಟು ಹತ್ತು ಗಂಟೆ ಪುಸ್ತಕ, ಮೊಬೈಲುಗಳ ಮುಂದೆ ಕೂರುವ ನಮ್ಮಂಥವರಿಗೆ ಇದು ಸಣ್ಣ ವಿಷಯವಲ್ಲ. ತಲೆನೋವು, ಕತ್ತು ಹಿಡಿಯುವುದು, ಕಣ್ಣುರಿ ಎಂದು ವಾರಗಟ್ಟಲೆ ಓದು ಬಿಟ್ಟವರು ಪ್ರತಿ ಗ್ರಂಥಾಲಯದಲ್ಲೂ ಇದ್ದಾರೆ. ಕತ್ತಿಗೆ ಬಾಮು ಹಚ್ಚುತ್ತೇವೆ. ಕಣ್ಣನ್ನು ಮಾತ್ರ ಯಾರೂ ವಿಚಾರಿಸುವುದಿಲ್ಲ.

ಬೆರಳಿಟ್ಟು ನೋಡಿ

ಕಣ್ಣಿಗೂ ಕತ್ತಿಗೂ ಇರುವ ನಂಟನ್ನು ತಿಳಿಯಲು ಯಂತ್ರ ಬೇಕಿಲ್ಲ. ಎರಡೂ ಹೆಬ್ಬೆರಳುಗಳನ್ನು ತಲೆಬುರುಡೆಯ ಹಿಂದೆ, ಕತ್ತು ಶುರುವಾಗುವ ತಗ್ಗಿನಲ್ಲಿ ಮೆಲ್ಲಗೆ ಒತ್ತಿ ಹಿಡಿಯಿರಿ. ತಲೆಯನ್ನು ಸ್ವಲ್ಪವೂ ಅಲುಗಿಸದೆ ಕಣ್ಣುಗಳನ್ನಷ್ಟೇ ಎಡಕ್ಕೆ, ಬಲಕ್ಕೆ ಹೊರಳಿಸಿ. ಬೆರಳಿನ ಕೆಳಗೆ ಸಣ್ಣದಾಗಿ ಏನೋ ಬಿಗಿಯುವುದು, ಸಡಿಲುವುದು ಗೊತ್ತಾಗುತ್ತದೆ.

ಅವು ತಲೆಬುರುಡೆಯನ್ನು ಕತ್ತಿಗೆ ಹಿಡಿದಿಡುವ ಪುಟ್ಟ ಸ್ನಾಯುಗಳು. ಕಣ್ಣು ಒಂದು ಕಡೆಗೆ ಹೊರಟಿತೆಂದರೆ, ತಲೆಯೂ ಅತ್ತ ತಿರುಗಬೇಕಾದೀತು ಎಂದು ಇವು ಮೊದಲೇ ಸಿದ್ಧವಾಗುತ್ತವೆ. ಸ್ನಾಯು ಎಷ್ಟು ಹಿಗ್ಗಿದೆ, ಎಷ್ಟು ಕುಗ್ಗಿದೆ ಎಂದು ಮಿದುಳಿಗೆ ವರದಿ ಕಳಿಸುವ ಸಂವೇದಕಗಳು ದೇಹದ ಉಳಿದ ಸ್ನಾಯುಗಳಿಗಿಂತ ಇಲ್ಲಿ ಬಹಳ ದಟ್ಟವಾಗಿವೆ. ಗಂಟೆಗಟ್ಟಲೆ ಸಣ್ಣ ಅಕ್ಷರಕ್ಕೆ ಕಣ್ಣು ಕೀಲಿಸಿ ಕೂತಾಗ ನೋವು ಮೊದಲು ಇದೇ ಜಾಗದಲ್ಲಿ ಹುಟ್ಟಿ ಹಣೆಯವರೆಗೆ ಹಬ್ಬುವುದು ಅನೇಕರ ಅನುಭವ.

ಮೈಗೂ ಒಂದು ಅರಿವು

ರಾತ್ರಿ ಕರೆಂಟು ಹೋದಾಗ ನಿಮ್ಮ ಮನೆಯಲ್ಲಿ ನೀವು ಎದ್ದು, ಹೊಸ್ತಿಲು ದಾಟಿ, ಗೂಡಿನಲ್ಲಿರುವ ಬೆಂಕಿಪೊಟ್ಟಣಕ್ಕೆ ಕೈ ಹಾಕಬಲ್ಲಿರಿ. ಕೈ ಎಷ್ಟು ಮೇಲೆ ಹೋಗಿದೆ, ಮೊಣಕಾಲು ಎಷ್ಟು ಮಡಚಿದೆ ಎಂದು ನೋಡಬೇಕಿಲ್ಲ. ಸ್ನಾಯು, ಕೀಲುಗಳಿಂದ ಬರುವ ಈ ಅರಿವಿಗೆ ಇಂಗ್ಲೆಂಡಿನ ವಿಜ್ಞಾನಿ ಚಾರ್ಲ್ಸ್ ಶೆರಿಂಗ್ಟನ್ 1906ರಲ್ಲಿ ‘ಪ್ರೊಪ್ರಿಯೊಸೆಪ್ಷನ್’ ಎಂದು ಹೆಸರಿಟ್ಟರು. ನರಕೋಶಗಳ ಕೆಲಸದ ಬಗೆಗಿನ ಸಂಶೋಧನೆಗಾಗಿ 1932ರಲ್ಲಿ ನೊಬೆಲ್ ಹಂಚಿಕೊಂಡವರು ಇವರೇ. ನಾವು ಅದನ್ನು ಸರಳವಾಗಿ ಮೈಯರಿವು ಎನ್ನೋಣ.

ನಾವು ಬೀಳದೆ ನಿಂತಿರುವುದು ಮೂವರ ನೆರವಿನಿಂದ: ಕಣ್ಣು, ಒಳಕಿವಿಯಲ್ಲಿರುವ ಸಮತೋಲದ ಅಂಗ ಮತ್ತು ಮೈಯರಿವು. ಗೋಡೆಯ ಪಕ್ಕ ಒಂಟಿಕಾಲಲ್ಲಿ ನಿಂತು ನೋಡಿ, ಸಲೀಸು. ಈಗ ಕಣ್ಣು ಮುಚ್ಚಿ. ಹತ್ತು ಸೆಕೆಂಡಿನೊಳಗೆ ಪಾದ ತತ್ತರಿಸಿ ಕೈ ಗೋಡೆ ಹುಡುಕತೊಡಗುತ್ತದೆ. ನಮಗೆ ಗೊತ್ತಿಲ್ಲದೆಯೇ ನಾವು ನಿಲ್ಲುವುದಕ್ಕೆ ಕಣ್ಣನ್ನು ಎಷ್ಟು ನೆಚ್ಚಿದ್ದೇವೆ ಎಂಬುದು ಆಗ ತಿಳಿಯುತ್ತದೆ. ನರರೋಗ ವೈದ್ಯರು ಇವತ್ತಿಗೂ ರೋಗಿಯ ಪಾದ ಜೋಡಿಸಿ, ಕಣ್ಣು ಮುಚ್ಚಿಸಿ ನಿಲ್ಲಿಸಿ ಪರೀಕ್ಷಿಸುತ್ತಾರೆ. ಅದು 19ನೇ ಶತಮಾನದ ಜರ್ಮನ್ ವೈದ್ಯ ರೋಂಬರ್ಗ್ ಅವರ ಹೆಸರಿನ ಪರೀಕ್ಷೆ.

ಕಣ್ಣು ಮೋಸಹೋದರೆ ಏನಾಗುತ್ತದೆ? 1970ರ ದಶಕದಲ್ಲಿ ಎಡಿನ್‌ಬರೋ ವಿಶ್ವವಿದ್ಯಾಲಯದ ಡೇವಿಡ್ ಲೀ ಮತ್ತು ಸಂಗಡಿಗರು ಒಂದು ವಿಚಿತ್ರ ಕೋಣೆ ಮಾಡಿದರು. ನೆಲ ಅಲುಗುವುದಿಲ್ಲ, ಗೋಡೆಗಳು ಮಾತ್ರ ಹಿಂದೆ ಮುಂದೆ ಸರಿಯುತ್ತವೆ. ಆಗತಾನೆ ನಡೆಯಲು ಕಲಿತ ಮಕ್ಕಳನ್ನು ಒಳಗೆ ನಿಲ್ಲಿಸಿ ಗೋಡೆ ಸರಿಸಿದಾಗ ಅನೇಕ ಮಕ್ಕಳು ಓಲಾಡಿದರು, ಕೆಲವರು ಬಿದ್ದೇಬಿಟ್ಟರು. ಅವರ ಕಾಲ ಕೆಳಗಿನ ನೆಲ ಗಟ್ಟಿಯಾಗಿಯೇ ಇತ್ತು. ಆದರೂ ಮೈ ಕಣ್ಣಿನ ಮಾತನ್ನೇ ನಂಬಿತು.

ಮೈಯರಿವೇ ಇಲ್ಲವಾದರೆ? ಇಂಗ್ಲೆಂಡಿನ ಇಯಾನ್ ವಾಟರ್‌ಮನ್ 1971ರಲ್ಲಿ, 19ನೇ ವಯಸ್ಸಿನಲ್ಲಿ, ಒಂದು ಸೋಂಕಿನ ನಂತರ ಕತ್ತಿನಿಂದ ಕೆಳಗೆ ಸ್ಪರ್ಶವನ್ನೂ ಮೈಯರಿವನ್ನೂ ಕಳೆದುಕೊಂಡರು. ಸ್ನಾಯುಗಳಲ್ಲಿ ಶಕ್ತಿಯಿತ್ತು, ಆದರೆ ಕೈಕಾಲು ಎಲ್ಲಿವೆ ಎಂಬುದೇ ತಿಳಿಯುತ್ತಿರಲಿಲ್ಲ. ತಿಂಗಳುಗಟ್ಟಲೆ ಶ್ರಮಪಟ್ಟು, ಒಂದೊಂದು ಚಲನೆಯನ್ನೂ ಕಣ್ಣಿನಿಂದ ನೋಡಿ ನಡೆಸುವುದನ್ನು ಅವರು ಕಲಿತರು. ದೀಪ ಆರಿದರೆ ಮಾತ್ರ ಕುಸಿದುಬಿಡುವರು. ನಾವು ಯೋಚಿಸದೆ ಕೂರುವುದು, ಏಳುವುದು ಎಂಥ ಸಂಪತ್ತು ಎಂಬುದಕ್ಕೆ ಅವರ ಬದುಕೇ ಸಾಕ್ಷಿ.

ನಮ್ಮ ಊರುಗಳಲ್ಲಿ ಇದೇ ಪಾಠವನ್ನು ಕಲಿಸಿದವರು ತಲೆಯ ಮೇಲೆ ಸಿಂಬಿ ಇಟ್ಟು ನೀರಿನ ಕೊಡ ಹೊತ್ತು ಬರುವ ಹೆಂಗಸರು. ಅವರು ಕಾಲಿನತ್ತ ನೋಡುವುದೇ ಇಲ್ಲ. ಕಣ್ಣು ದೂರದ ದಾರಿಯ ಮೇಲೆ, ನೆಲದ ಲೆಕ್ಕ ಪಾದಕ್ಕೆ. ಕತ್ತು ತಾನಾಗಿಯೇ ನೆಟ್ಟಗಿರುತ್ತದೆ. ‘ನೆಟ್ಟಗಿರು’ ಎಂದು ಅವರಿಗೆ ಯಾರೂ ಹೇಳಬೇಕಾಗಿಲ್ಲ.

ಗುಂಡಿಯಲ್ಲಿ ಕಾಲು, ಎಳೆಯ ಮೇಲೆ ಕಣ್ಣು

ಈ ಮೂರೂ ಒಟ್ಟಿಗೆ ಕೆಲಸ ಮಾಡುವುದನ್ನು ನೋಡಬೇಕಾದರೆ ಮೊಳಕಾಲ್ಮುರಿಗೆ ಹೋಗಬೇಕು. ಭೌಗೋಳಿಕ ಸೂಚಿಕೆಯ ಮಾನ್ಯತೆ ಪಡೆದ ಮೊಳಕಾಲ್ಮುರು ರೇಷ್ಮೆ ಸೀರೆಯ ಸಾಂಪ್ರದಾಯಿಕ ಕೈಮಗ್ಗ ಗುಂಡಿಮಗ್ಗ. ನೆಲದಲ್ಲಿ ಗುಂಡಿ ತೋಡಿರುತ್ತಾರೆ, ನೇಕಾರರು ಅದರ ಅಂಚಿನಲ್ಲಿ ಕೂತು ಕಾಲು ಇಳಿಬಿಡುತ್ತಾರೆ. ಗುಂಡಿಯೊಳಗೆ ತುಳಿಯುವ ಹಲಗೆಗಳು. ಒಂದನ್ನು ಒತ್ತಿದರೆ ಹಾಸಿನ ಅರ್ಧ ಎಳೆಗಳು ಮೇಲಕ್ಕೆ, ಉಳಿದವು ಕೆಳಕ್ಕೆ. ನಡುವೆ ತೆರೆದ ದಾರಿಯಲ್ಲಿ ಲಾಳಿ ಓಡುತ್ತದೆ, ಹೊಕ್ಕು ಕೂರುತ್ತದೆ.

ಇಲ್ಲಿ ಕಾಲಿಗೆ ಕಣ್ಣಿನ ನೆರವೇ ಇಲ್ಲ. ಯಾವ ಹಲಗೆ ಎಲ್ಲಿದೆ, ಎಷ್ಟು ಒತ್ತಬೇಕು ಎಂಬುದು ಪೂರ್ತಿ ಮೈಯರಿವಿನ ಲೆಕ್ಕ. ಕೈಗಳೂ ಲಾಳಿಯ ಓಟವನ್ನು ಅಂದಾಜಿನಲ್ಲೇ ಹಿಡಿಯುತ್ತವೆ. ಕಣ್ಣಿಗೆ ಉಳಿದಿರುವುದು ಒಂದೇ ಕೆಲಸ: ಕೂದಲಿನಷ್ಟು ಸಣ್ಣ ರೇಷ್ಮೆ ಎಳೆಗಳಲ್ಲಿ ಒಂದು ತುಂಡಾದರೂ ಕೂಡಲೇ ಹಿಡಿಯುವುದು, ಜರಿಯ ಅಂಚು ಕೆಡದಂತೆ ಕಾಯುವುದು.

ಆ ಕೆಲಸಕ್ಕೆ ಕತ್ತು ತೆರುವ ತೆರಿಗೆ ದೊಡ್ಡದು. ಎಳೆ ಮಡಿಲಿನ ಎತ್ತರದಲ್ಲಿದೆ, ಕಣ್ಣು ಅದನ್ನು ಬಿಡುವಂತಿಲ್ಲ, ಆದ್ದರಿಂದ ತಲೆ ದಿನವಿಡೀ ಬಾಗಿಯೇ ಇರಬೇಕು. ಮಗ್ಗದ ಕೇರಿಗಳಲ್ಲಿ ಕತ್ತು, ಹೆಗಲು, ಕಣ್ಣಿನ ತೊಂದರೆ ಸಾಮಾನ್ಯವಾಗಿರುವುದು ಇದೇ ಕಾರಣಕ್ಕೆ.

ಇಲ್ಲಿಯೇ ಮೈಯರಿವಿನ ಇನ್ನೊಂದು ಗುಣವನ್ನೂ ಕಾಣಬಹುದು. ಅದು ರೂಢಿಗೆ ಬೇಗ ಒಗ್ಗುತ್ತದೆ. ಬಹುಕಾಲ ಬಾಗಿಯೇ ಕೂತವರಿಗೆ ಆ ಬಾಗುವಿಕೆಯೇ ಸಹಜ ಎನ್ನಿಸತೊಡಗುತ್ತದೆ. ಹಾಗೆ ಕೂತ ಗೆಳೆಯನನ್ನು ಗೋಡೆಗೆ ಒರಗಿಸಿ ನಿಜವಾಗಿ ನೇರ ನಿಲ್ಲಿಸಿ ನೋಡಿ, ಹಿಂದಕ್ಕೆ ಬೀಳುತ್ತಿದ್ದೇನೆ ಎನ್ನುತ್ತಾನೆ. ಆದ್ದರಿಂದ ‘ನಾನು ನೆಟ್ಟಗೇ ಕೂತಿದ್ದೇನಲ್ಲ’ ಎಂಬ ನಮ್ಮ ಮಾತು ಸುಳ್ಳಲ್ಲ. ನಮ್ಮ ಮೈಗೆ ಹಾಗೆ ತೋರುತ್ತಿರುತ್ತದೆ, ಅಷ್ಟೆ.

ಕಾಣದಿದ್ದರೆ ಮೈ ಬಾಗುತ್ತದೆ

ದೂರದ್ದು ಮಸುಕಾಗಿ ಕಾಣುವವರು ತರಗತಿಯಲ್ಲಿ ಬೋರ್ಡಿನತ್ತ ಎದೆ ಚಾಚಿ, ಕಣ್ಣು ಕಿರಿದು ಮಾಡಿ ಕೂರುತ್ತಾರೆ. ಪುಸ್ತಕವನ್ನು ಮೂಗಿನ ಹತ್ತಿರ ತರುತ್ತಾರೆ, ಇಲ್ಲವೆ ಮೂಗನ್ನೇ ಪುಸ್ತಕಕ್ಕೆ ಇಳಿಸುತ್ತಾರೆ. ಎರಡು ಕಣ್ಣುಗಳ ನೋಟದಲ್ಲಿ ವ್ಯತ್ಯಾಸವಿದ್ದರೆ ಕೆಲವರು ಚೆನ್ನಾಗಿ ಕಾಣುವ ಕಣ್ಣನ್ನು ಮುಂದೆ ಮಾಡಿ ಮುಖ ಓರೆಯಾಗಿಸುತ್ತಾರೆ. ಕಣ್ಣನ್ನು ಹೊರಳಿಸುವ ಸ್ನಾಯುವೊಂದು ದುರ್ಬಲವಾಗಿದ್ದರೆ, ಒಂದು ವಸ್ತು ಎರಡಾಗಿ ಕಾಣದಿರಲೆಂದು ಮಕ್ಕಳು ತಲೆಯನ್ನು ಒಂದು ಹೆಗಲಿನತ್ತ ವಾಲಿಸಿಕೊಂಡೇ ಬೆಳೆಯುವುದುಂಟು. ಅದನ್ನು ಕತ್ತಿನ ದೋಷವೆಂದು ಎಣ್ಣೆ ತಿಕ್ಕಿಸುತ್ತಾ ಹೋದರೆ ಫಲವಿಲ್ಲ. ಇಂಥ ತೊಂದರೆ ಎಷ್ಟು ಹಳೆಯದು ಎಂದು ತಿಳಿಯಲು ಕಣ್ಣಿನ ವೈದ್ಯರು ಬಾಲ್ಯದ ಫೋಟೊಗಳನ್ನು ಕೇಳಿ ನೋಡುತ್ತಾರೆ. ಫೋಟೊದಲ್ಲೂ ತಲೆ ಅದೇ ಕಡೆಗೆ ವಾಲಿರುತ್ತದೆ.

ಇಷ್ಟಿದ್ದೂ ನಮ್ಮಲ್ಲಿ ಕನ್ನಡಕವೆಂದರೆ ಹಿಂಜರಿಕೆ. ಹುಡುಗಿಗೆ ಕನ್ನಡಕ ಬಂದರೆ ಮುಂದೆ ಸಂಬಂಧ ಕೂಡಿಬರುವುದು ಹೇಗೆ ಎಂಬ ಚಿಂತೆ, ಹುಡುಗನಿಗೆ ಬಂದರೆ ಪೊಲೀಸು, ಸೇನೆಯ ಆಸೆ ಕೈಬಿಟ್ಟಿತೆಂಬ ಭಯ. ಭಯಪಟ್ಟು ಪರೀಕ್ಷೆ ಮಾಡಿಸದೆ ಉಳಿದರೆ ನೋಟವೇನೂ ಸುಧಾರಿಸುವುದಿಲ್ಲ. ಯಾವ ಹುದ್ದೆಗೆ ಎಷ್ಟು ದೃಷ್ಟಿ ಬೇಕು ಎಂಬುದನ್ನು ಅಧಿಸೂಚನೆಯಲ್ಲೇ ಬರೆದಿರುತ್ತಾರೆ. ಅರ್ಜಿ ಹಾಕುವ ಮೊದಲೇ ನಮ್ಮ ಕಣ್ಣಿನ ಲೆಕ್ಕ ನಮಗೆ ಗೊತ್ತಿದ್ದರೆ ಎರಡು ವರ್ಷದ ಶ್ರಮ ದೈಹಿಕ ಪರೀಕ್ಷೆಯ ದಿನ ನೀರುಪಾಲಾಗುವುದು ತಪ್ಪುತ್ತದೆ.

ಇದು ನಮ್ಮದಷ್ಟೇ ಅಲ್ಲ, ಮನೆಯ ಹಿರಿಯರದೂ ಹೌದು. ನಲವತ್ತು ದಾಟಿದ ಮೇಲೆ ಹತ್ತಿರದ್ದು ಮಸುಕಾಗುವುದಕ್ಕೆ ನಮ್ಮವರು ಚಾಳೀಸು ಎನ್ನುತ್ತಾರೆ. ಸೂಜಿಗೆ ದಾರ ಪೋಣಿಸಲು ನಮ್ಮನ್ನು ಕರೆಯುವ ಅಮ್ಮ, ಅಕ್ಕಿಯಲ್ಲಿ ಕಲ್ಲು ಹುಡುಕಲು ಮರವನ್ನು ಬಾಗಿಲ ಬೆಳಕಿಗೆ ಹಿಡಿದು ಬಗ್ಗುವ ಅಜ್ಜಿ, ಇವರೆಲ್ಲ ಬೆನ್ನು ಬಾಗಿಸಿ ಕಣ್ಣಿನ ಕೊರತೆ ತುಂಬುತ್ತಿರುತ್ತಾರೆ. ಅಸ್ಸಾಮಿನ ಚಹಾ ತೋಟಗಳಲ್ಲಿ ನಲವತ್ತು ದಾಟಿದ ಕಾರ್ಮಿಕರಿಗೆ ಹತ್ತಿರದ ನೋಟದ ಸಾದಾ ಕನ್ನಡಕ ಕೊಟ್ಟು ನಡೆಸಿದ ಅಧ್ಯಯನವೊಂದು 2018ರಲ್ಲಿ ಪ್ರಕಟವಾಯಿತು. ಕನ್ನಡಕ ಸಿಗದವರಿಗೆ ಹೋಲಿಸಿದರೆ ಸಿಕ್ಕವರು ಕೊಯ್ದ ಎಲೆಯ ತೂಕ ಐದನೇ ಒಂದು ಭಾಗಕ್ಕಿಂತಲೂ ಹೆಚ್ಚಿತ್ತು. ಮಗ್ಗಕ್ಕೂ, ಹೊಲಿಗೆ ಯಂತ್ರಕ್ಕೂ, ಶೇಂಗಾ ಬೀಜ ಆರಿಸುವ ಕೆಲಸಕ್ಕೂ ಹತ್ತಿರದ ನೋಟವೇ ಬಂಡವಾಳ ಎಂಬುದನ್ನು ನೆನೆದರೆ, ಅಮ್ಮನಿಗೆ ಒಂದು ಕನ್ನಡಕ ಕೊಡಿಸುವುದು ಎಷ್ಟು ದೊಡ್ಡ ಸಹಾಯ ಎಂದು ಅರ್ಥವಾಗುತ್ತದೆ.

ವ್ಯಾಸಪೀಠದಿಂದ ಮೊಬೈಲಿಗೆ

ತಳಕು ಓದಿಗೆ ಹೆಸರಾದ ಊರು. ಮೈಸೂರು ವಿಶ್ವವಿದ್ಯಾಲಯದಲ್ಲಿ ಕನ್ನಡದ ಮೊದಲ ಪ್ರಾಧ್ಯಾಪಕರಾದ ಟಿ.ಎಸ್. ವೆಂಕಣ್ಣಯ್ಯ, ಅವರ ತಮ್ಮ ತ.ಸು. ಶಾಮರಾಯ, ಚಿತ್ರದುರ್ಗದ ಕಾದಂಬರಿಗಳ ತ.ರಾ.ಸು. ಎಲ್ಲರೂ ಈ ಊರಿನ ಒಂದೇ ಮನೆತನದವರು. ಕುವೆಂಪು ತಮ್ಮ ‘ಶ್ರೀರಾಮಾಯಣದರ್ಶನಂ’ ಅನ್ನು ಅರ್ಪಿಸಿದ್ದು ತಮ್ಮ ಗುರುಗಳಾದ ಈ ವೆಂಕಣ್ಣಯ್ಯನವರಿಗೇ.

ಆ ಕಾಲದ ಓದಿನ ಮನೆಗಳಲ್ಲಿ ಇರುತ್ತಿದ್ದ ಒಂದು ವಸ್ತು ಈಗ ನಮ್ಮ ಕಣ್ಣಿಗೆ ಬೀಳುವುದು ಅಪರೂಪ, ಅದು ವ್ಯಾಸಪೀಠ. ಕತ್ತರಿಯಂತೆ ತೆರೆದು ನಿಲ್ಲುವ ಮರದ ಪುಟ್ಟ ಪೀಠ. ಭಾರತ, ರಾಮಾಯಣಗಳನ್ನು ಅದರ ಮೇಲಿಟ್ಟು ಓದುತ್ತಿದ್ದರು. ಗ್ರಂಥಕ್ಕೆ ಗೌರವ ಎಂಬುದು ಒಂದು ಕಾರಣ. ಆದರೆ ನೆಲದ ಮೇಲೆ ಚಕ್ಕಂಬಕ್ಕಳ ಹಾಕಿ ಕೂತು ಗಂಟೆಗಟ್ಟಲೆ ಓದುವವರಿಗೆ ಅದು ಪುಸ್ತಕವನ್ನು ನೆಲದಿಂದ ಎತ್ತಿ, ಓರೆ ಮಾಡಿ, ಕಣ್ಣಿನ ಹತ್ತಿರಕ್ಕೆ ತರುತ್ತಿತ್ತು. ಕಣ್ಣು ಪುಸ್ತಕಕ್ಕೆ ಇಳಿಯುವ ಬದಲು ಪುಸ್ತಕವೇ ಕಣ್ಣಿಗೆ ಏರುತ್ತಿತ್ತು.

ಈಗ ನಮ್ಮ ಓದಿನ ಅರ್ಧ ಮೊಬೈಲಿನಲ್ಲಿ. ಅದು ತೊಡೆಯ ಮೇಲೆ, ಇಲ್ಲವೆ ಹಾಸಿಗೆಯ ಮೇಲೆ. ನಮ್ಮ ತಲೆಯ ತೂಕ ಸುಮಾರು ಐದು ಕಿಲೊ. ಕತ್ತು ಬಾಗಿದಷ್ಟೂ ಅದರ ಹೊರೆ ಕತ್ತಿನ ಮೂಳೆಗಳ ಮೇಲೆ ಹೆಚ್ಚುತ್ತದೆ. ಅಮೆರಿಕದ ಬೆನ್ನುಮೂಳೆ ಶಸ್ತ್ರವೈದ್ಯ ಕೆನೆತ್ ಹನ್ಸ್‌ರಾಜ್ 2014ರಲ್ಲಿ ಕಂಪ್ಯೂಟರ್ ಮಾದರಿಯಿಂದ ಲೆಕ್ಕ ಹಾಕಿದಂತೆ 60 ಡಿಗ್ರಿ ಬಾಗಿದಾಗ ಆ ಹೊರೆ ಸುಮಾರು 27 ಕಿಲೊ. ಅಂದರೆ ಅರ್ಧ ಮೂಟೆ ಸಿಮೆಂಟಿಗಿಂತ ಹೆಚ್ಚು. ಅದೊಂದು ಅಂದಾಜಿನ ಲೆಕ್ಕ, ಬಾಗಿದವರಿಗೆಲ್ಲ ನೋವು ಬಂದೇ ಬರುತ್ತದೆ ಎಂದೇನಲ್ಲ. ಆದರೆ ಒಂದೇ ಭಂಗಿಯಲ್ಲಿ ಅಲುಗದೆ ಗಂಟೆಗಟ್ಟಲೆ ಕೂರುವುದು ಯಾರ ಮೈಗೂ ಹಿತವಲ್ಲ. ಪರದೆ ನೋಡುವಾಗ ನಾವು ರೆಪ್ಪೆ ಬಡಿಯುವುದೂ ಕಡಿಮೆಯಾಗುತ್ತದೆ. ಕಣ್ಣುರಿಗೆ ಅದೂ ಒಂದು ಕಾರಣ.

ಖರ್ಚಿಲ್ಲದ ದಾರಿಗಳು

ಮೊದಲು ಅಳತೆ. ಕೈಯನ್ನು ಮುಷ್ಟಿ ಮಾಡಿ ಗಲ್ಲಕ್ಕೆ ಒರಗಿಸಿದರೆ ಮೊಣಕೈ ಮುಟ್ಟುವ ಜಾಗವೇ ಪುಸ್ತಕ ಇರಬೇಕಾದ ದೂರ. ಮೊಣಕೈಯಿಂದ ನಡುಬೆರಳಿನ ಗೆಣ್ಣಿನವರೆಗಿನ ಈ ಅಳತೆಗೆ ಹಾರ್ಮನ್ ಅಂತರ ಎನ್ನುತ್ತಾರೆ. 1940ರ ದಶಕದಲ್ಲಿ ಅಮೆರಿಕದ ಟೆಕ್ಸಸ್‌ನ ಶಾಲೆಗಳಲ್ಲಿ ಮಕ್ಕಳ ಡೆಸ್ಕು, ಬೆಳಕು ಮತ್ತು ಕೂರುವ ಭಂಗಿಯನ್ನು ಅಭ್ಯಾಸ ಮಾಡಿದ ಡಾರೆಲ್ ಬಾಯ್ಡ್ ಹಾರ್ಮನ್ ಅವರ ಹೆಸರು ಅದಕ್ಕೆ ಬಂದಿದೆ. ಅಡ್ಡ ಮಲಗಿದ ಮೇಜಿಗಿಂತ ಓರೆಯಾದ ಮೇಜು ಒಳ್ಳೆಯದು ಎಂದವರೂ ಅವರೇ. ನಮಗೆ ಓರೆ ಮೇಜು ಬೇಕಿಲ್ಲ. ಪರೀಕ್ಷೆಗೆ ಒಯ್ಯುವ ಪ್ಯಾಡಿನ ಒಂದು ತುದಿಗೆ ಇಟ್ಟಿಗೆಯನ್ನೋ ದಪ್ಪ ಗೈಡನ್ನೋ ಕೊಟ್ಟರೆ ಅದೇ ವ್ಯಾಸಪೀಠ.

ಹತ್ತಿರದ್ದನ್ನು ನೋಡುವಾಗ ಕಣ್ಣುಗುಡ್ಡೆ ತುಸು ಕೆಳಮುಖವಾಗಿರುವುದು ಸಹಜ, ಹಿತವೂ ಹೌದು. ಆದ್ದರಿಂದ ಪುಸ್ತಕವನ್ನು ಮುಖದ ನೇರಕ್ಕೆ ಎತ್ತಿ ಹಿಡಿಯಬೇಕಾಗಿಲ್ಲ. ಕಣ್ಣು ಇಳಿಯಲಿ, ಕತ್ತು ಇಳಿಯದಿದ್ದರೆ ಸಾಕು. ಬಲಗೈಯಲ್ಲಿ ಬರೆಯುವವರಿಗೆ ಬೆಳಕು ಎಡಗಡೆಯಿಂದ ಬರಲಿ, ಬರೆಯುವ ಕೈಯ ನೆರಳು ಅಕ್ಷರದ ಮೇಲೆ ಬಿದ್ದರೆ ತಲೆ ಮತ್ತೆ ಬಗ್ಗುತ್ತದೆ.

ಪ್ರತಿ 20 ನಿಮಿಷಕ್ಕೊಮ್ಮೆ 20 ಅಡಿ ಆಚೆಗಿನ ಏನನ್ನಾದರೂ 20 ಸೆಕೆಂಡು ನೋಡಿ ಎಂದು ಕಣ್ಣಿನ ವೈದ್ಯರು ಹೇಳುತ್ತಾರೆ. ಹತ್ತಿರದ ನೋಟಕ್ಕಾಗಿ ಬಿಗಿದುಕೊಂಡ ಕಣ್ಣಿನೊಳಗಿನ ಸ್ನಾಯು ಆಗ ಸಡಿಲಾಗುತ್ತದೆ. ಮಹಾನಗರದ ಪಿಜಿ ಕೋಣೆಯಲ್ಲಿ 20 ಅಡಿ ಆಚೆ ಪಕ್ಕದ ಕಟ್ಟಡದ ಗೋಡೆಯೇ ಇರುತ್ತದೆ. ನಮ್ಮ ಬಯಲುಸೀಮೆಗೆ ಆ ಬಡತನವಿಲ್ಲ. ಬಾಗಿಲಿಗೆ ಬಂದರೆ ಸಾಕು, ಶೇಂಗಾ ಹೊಲದಾಚೆ ಬೋಳುಗುಡ್ಡದವರೆಗೆ ಕಣ್ಣು ಓಡುತ್ತದೆ. ಆ ನೆಪದಲ್ಲಿ ಎದ್ದು ನಾಲ್ಕು ಹೆಜ್ಜೆ ನಡೆದರೆ ಬೆನ್ನಿಗೂ ಬಿಡುವು.

ಮೈಯರಿವನ್ನೂ ಸ್ವಲ್ಪ ಪಳಗಿಸಬಹುದು. ಹಲ್ಲುಜ್ಜುವಾಗ ಒಂಟಿಕಾಲಲ್ಲಿ ನಿಲ್ಲುವುದು, ಗೋಡೆಯ ಪಕ್ಕದಲ್ಲಿ ಕಣ್ಣು ಮುಚ್ಚಿ ಪಾದ ಜೋಡಿಸಿ ನಿಂತು ತೂಕ ಎಲ್ಲಿ ಬೀಳುತ್ತಿದೆ ಎಂದು ಗಮನಿಸುವುದು, ದಿನಕ್ಕೊಮ್ಮೆ ಗೋಡೆಗೆ ಹಿಮ್ಮಡಿ, ಬೆನ್ನು ತಾಗಿಸಿ ನಿಲ್ಲುವುದು. 1600 ಮೀಟರ್ ಓಟಕ್ಕೆ ತಯಾರಾಗುವವರು ತಮ್ಮ ಪಾದ ನೋಡುತ್ತಾ ಓಡದೆ ಮುಂದಿನ ದಾರಿಯನ್ನು ನೋಡುತ್ತಾ ಓಡಲಿ. ತಲೆ ಏಳುತ್ತದೆ, ಎದೆ ತೆರೆಯುತ್ತದೆ, ಉಸಿರಿಗೆ ಜಾಗವಾಗುತ್ತದೆ.

ಇವುಗಳಿಂದ ಕನ್ನಡಕದ ನಂಬರು ಇಳಿಯುವುದಿಲ್ಲ. ಕಣ್ಣಿನ ವ್ಯಾಯಾಮ ಮಾಡಿಸಿ ಕನ್ನಡಕ ಬಿಡಿಸುತ್ತೇವೆ ಎನ್ನುವ ವಿಡಿಯೊಗಳನ್ನು ನಂಬಿ ದುಡ್ಡು ಕಳೆದುಕೊಳ್ಳಬೇಡಿ. ವರ್ಷಕ್ಕೊಮ್ಮೆ ಕಣ್ಣು ಪರೀಕ್ಷೆ ಮಾಡಿಸಿ. ಕೇಂದ್ರ ಸರ್ಕಾರದ ಅಂಧತ್ವ ನಿಯಂತ್ರಣ ಕಾರ್ಯಕ್ರಮ 1976ರಿಂದಲೇ ಇದೆ, ಸರ್ಕಾರಿ ಆಸ್ಪತ್ರೆಯಲ್ಲಿ ವಿಚಾರಿಸಿ. ನಮ್ಮ ಅಜ್ಜ ಅಜ್ಜಿಯರ ಕಾಲದಲ್ಲಿ ಡಾ. ಎಂ.ಸಿ. ಮೋದಿಯವರ ಉಚಿತ ಶಿಬಿರಗಳಿಗೆ ಜನ ಊರಿಗೆ ಊರೇ ಹೊರಟು ಪೊರೆ ತೆಗೆಸಿಕೊಂಡು ಬರುತ್ತಿದ್ದರು. ಪೊರೆಗೆ ಇದ್ದ ಆ ಕಾಳಜಿ ಓದುವ ಕಣ್ಣಿಗೂ ಬರಬೇಕು. ಎರಡೆರಡು ಕಾಣುವುದು, ಕತ್ತಿನ ನೋವು ತೋಳಿಗಿಳಿದು ಬೆರಳು ಜೋಮುಗಟ್ಟುವುದು, ಬಿಡದ ತಲೆನೋವು, ನಡೆಯುವಾಗ ತೂರಾಡುವುದು ಕಂಡರೆ ಮಾತ್ರ ತಡಮಾಡದೆ ವೈದ್ಯರ ಬಳಿ ಹೋಗಿ.

ಮಗ್ಗದ ಮುಂದೆ ಕೂತವರಿಗೆ ಎಳೆಯನ್ನು ಮೇಲೆತ್ತಿಕೊಳ್ಳುವ ಅವಕಾಶವಿಲ್ಲ. ಪುಸ್ತಕ ಹಿಡಿದು ಕೂತ ನಮಗೆ ಅದಿದೆ. ಇನ್ನು ಮನೆಯಲ್ಲಿ ಯಾರಾದರೂ ‘ನೆಟ್ಟಗೆ ಕುಂತ್ಕ’ ಎಂದರೆ ಬೆನ್ನು ಸೆಟೆಸುವ ಮೊದಲು ಪುಸ್ತಕ ಎಲ್ಲಿದೆ, ಬೆಳಕು ಎಲ್ಲಿಂದ ಬರುತ್ತಿದೆ, ಅಕ್ಷರ ಸ್ಪಷ್ಟವಾಗಿ ಕಾಣುತ್ತಿದೆಯೇ ಎಂದು ನೋಡಿಕೊಳ್ಳೋಣ. ಆ ಮೂರು ಸರಿಯಾದರೆ ಬೆನ್ನು ನಮ್ಮ ಮಾತನ್ನು ಎರಡು ನಿಮಿಷಕ್ಕಿಂತ ಹೆಚ್ಚು ಹೊತ್ತು ಕೇಳುತ್ತದೆ.